ಎತ್ತು ಏರಿಗೆ, ಕೋಣ ನೀರಿಗೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯನ್ನು ಹೊಂದಿಕೆಯಿಲ್ಲದ ಸಂಸಾರಗಳನ್ನು ಕುರಿತು ಹೇಳುವುದು ವಾಡಿಕೆ. ಮಂಡ್ಯದ ಸೀಮೆಯ ಗೌಡರೊಬ್ಬರಿಗೆ ಅದು ತಮ್ಮ ಹಳೆಯ ಟ್ರ್ಯಾಕ್ಟರನ್ನೇ ಕುರಿತು ಹುಟ್ಟಿದ ಮಾತೆಂದು ಒಂದು ಮುಂಜಾನೆ ಮನವರಿಕೆಯಾಯಿತು. ಕಬ್ಬು ತುಂಬಿದ ಟ್ರೇಲರನ್ನೆಳೆದುಕೊಂಡು ಅವರು ನಾಲೆಯ ಏರಿಯ ಮೇಲೆ ಬರುತ್ತಿದ್ದಾಗ ಹಸುವೊಂದು ಅಡ್ಡ ಬಂದಿತು. ಗೌಡರು ಬ್ರೇಕನ್ನು ತುಳಿದರು. ಎಡಗಾಲಿ ಹಿಡಿಯಿತು, ಬಲಗಾಲಿ ಹಿಡಿಯಲಿಲ್ಲ. ಟ್ರ್ಯಾಕ್ಟರು ಎಡಕ್ಕೆ, ಎಂದರೆ ನೀರಿನ ಕಡೆಗೆ, ಹೊರಳಿತು. ಏರಿಯ ಅಂಚಿನ ಹುಲ್ಲನ್ನು ಮುಂಗಾಲಿ ಸೋಕುವ ಹೊತ್ತಿಗೆ ಅದು ಹೇಗೋ ನಿಂತಿತು. ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಹತ್ತು ವರ್ಷದ ಮೊಮ್ಮಗ ತಾತನ ತೋಳನ್ನು ಹಿಡಿದವನು ಮನೆ ಸೇರುವವರೆಗೂ ಬಿಡಲಿಲ್ಲ.

ಪಟ್ಟಣದಲ್ಲಿ ಕಾರು ನಡೆಸುವವರಿಗೆ ಇದು ವಿಚಿತ್ರವೆನಿಸಬಹುದು. ಕಾರಿಗೆ ಬ್ರೇಕಿನ ಪೆಡಲು ಒಂದೇ; ಟ್ರ್ಯಾಕ್ಟರಿಗೆ ಎರಡು. ಎಡಗಡೆಯದು ಎಡ ಹಿಂಗಾಲಿಗೆ, ಬಲಗಡೆಯದು ಬಲ ಹಿಂಗಾಲಿಗೆ. ಹಳೆಯ ಟ್ರ್ಯಾಕ್ಟರುಗಳ ಮುಂಗಾಲಿಗಳಿಗೆ ಬ್ರೇಕೇ ಇರುವುದಿಲ್ಲ. ಉಳುಮೆಯ ಸಾಲು ಮುಗಿದು ಬದುವಿನ ಬಳಿ ತಿರುಗಬೇಕಾದಾಗ ರೈತನು ಒಂದೇ ಪೆಡಲನ್ನು ತುಳಿಯುತ್ತಾನೆ. ಆ ಗಾಲಿ ನಿಂತು ಇನ್ನೊಂದು ಸುತ್ತುತ್ತದೆ. ಯಂತ್ರ ನಿಂತಲ್ಲೇ ಎಂಬಂತೆ ತಿರುಗಿಬಿಡುತ್ತದೆ. ಹೊಲದಲ್ಲಿ ಇದೊಂದು ವರ. ರಸ್ತೆಯಲ್ಲಿ ಇದೇ ಶಾಪವಾಗಬಲ್ಲುದು. ಆದುದರಿಂದಲೇ ರಸ್ತೆಗಿಳಿಯುವ ಮುನ್ನ ಎರಡು ಪೆಡಲುಗಳನ್ನೂ ಜೊತೆಗೂಡಿಸಲು ಒಂದು ಕೊಂಡಿಯನ್ನಿಟ್ಟಿರುತ್ತಾರೆ. ಗೌಡರು ಅಂದು ಆ ಕೊಂಡಿಯನ್ನು ಹಾಕಿಯೇ ಇದ್ದರು. ಆದರೆ ಕೊಂಡಿ ಪೆಡಲುಗಳನ್ನು ಕೂಡಿಸಬಲ್ಲುದೇ ಹೊರತು ಗಾಲಿಗಳ ಹಿಡಿತವನ್ನು ಸಮಮಾಡಲಾರದು.

ಅವರದು ಫರ್ಗ್ಯುಸನ್ 35ರ ವಂಶಕ್ಕೆ ಸೇರಿದ ಯಂತ್ರ. 1884ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ರೈತನ ಮಗ ಹ್ಯಾರಿ ಫರ್ಗ್ಯುಸನ್, ನೇಗಿಲನ್ನೂ ಟ್ರ್ಯಾಕ್ಟರನ್ನೂ ಒಂದೇ ದೇಹವೆಂಬಂತೆ ಬೆಸೆದು ಹೆಸರಾದವನು. 1953ರಲ್ಲಿ ಅವನ ಉದ್ಯಮ ಮೆಸ್ಸಿ-ಹ್ಯಾರಿಸ್ ಕಂಪೆನಿಯೊಡನೆ ಕೂಡಿಕೊಂಡಿತು. 35ರ ಮಾದರಿ 1956ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಿಂದ ಹೊರಬಂದಿತು. 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟ್ಯಾಫೆ ಸಂಸ್ಥೆಯಿಂದಾಗಿ ಮೆಸ್ಸಿಯ ಹೆಸರು ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಯಿತು.

ಮರುದಿನ ಗೌಡರ ಅಂಗಳಕ್ಕೆ ಮೇಸ್ತ್ರಿ ಬಂದನು. ಅವನು ಮೊದಲು ಕೈಯಿಕ್ಕಿದುದು ಬ್ರೇಕಿಗಲ್ಲ, ಕಲ್ಲುಗಳಿಗೆ. ಸಮನಾದ ಗಟ್ಟಿನೆಲದಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸಿ, ಮುಂಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲುಗಳನ್ನು ಒತ್ತುಕೊಟ್ಟು, ಜಾಕಿನಿಂದೆತ್ತಿದ ಹಿಂಭಾಗದ ಕೆಳಗೆ ದಪ್ಪ ಮರದ ದಿಮ್ಮಿಗಳನ್ನಿರಿಸಿದನು. ಜಾಕನ್ನು ನಂಬಿ ಯಂತ್ರದ ಕೆಳಗೆ ಕೈಯಿಡಲಾಗದು. ಇನ್ನು ಹಿಂಗಾಲಿಯ ಟಯರಿಗೆ ಭಾರಕ್ಕಾಗಿ ನೀರು ತುಂಬಿಸುವ ರೂಢಿಯಿರುವುದರಿಂದ ಅದರ ತೂಕ ನೂರಾರು ಕಿಲೋ. ಇಬ್ಬರು ಆಳುಗಳಿಲ್ಲದೆ ಅದನ್ನು ಕಳಚುವುದು ಸಾಹಸವೇ ಸರಿ.

ಗಾಲಿ ಕಳಚಿತು, 14 ಅಂಗುಲ ವ್ಯಾಸದ ಡ್ರಮ್ಮೂ ಹೊರಬಂದಿತು. ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಪೆಡಲನ್ನು ತುಳಿದಾಗ ಅವು ಅಗಲಿ, ಮೈಮೇಲಿನ ಲೈನಿಂಗನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಆ ಉಜ್ಜಾಟದಿಂದಲೇ ಗಾಲಿ ನಿಲ್ಲುವುದು. ಬಲಗಡೆಯ ಶೂಗಳ ಮೇಲೆ ಎಣ್ಣೆ ಕಪ್ಪಾಗಿ ಜಿನುಗುತ್ತಿದ್ದಿತು. ಗೌಡರ ಮಗನು ಧೂಳನ್ನು ಊದಲು ಬಾಗಿದಾಗ ಮೇಸ್ತ್ರಿ ಅವನ ಭುಜವನ್ನು ಹಿಡಿದು ತಡೆದನು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಹತ್ತಾರು ವರ್ಷಗಳ ಮೇಲೆ ಪ್ರಾಣಾಂತಕ ರೋಗವಾಗಿ ತಲೆಯೆತ್ತಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆಯ ಚಿಂದಿಯಿಂದ ಒರಸಿ, ಆ ಚಿಂದಿಯನ್ನೂ ಅವನು ಚೀಲದಲ್ಲಿ ಬಿಗಿದನು.

"ಪೆಟ್ರೋಲಲ್ಲಿ ತೊಳ್ದು ಬಿಸಿಲಿಗೆ ಇಕ್ಕು. ಎಣ್ಣೆ ಹೋಯ್ತದೆ" ಎಂದರು ಗೌಡರು.

"ಮೇಲಿಂದು ಹೋಯ್ತದೆ ಗೌಡ್ರೆ. ಬ್ರೇಕು ಕಾದ್ರೆ ಒಳಗಿಂದು ಮತ್ತೆ ಬತ್ತದೆ."

ಎಣ್ಣೆ ಬಂದುದಾದರೂ ಎಲ್ಲಿಂದ? ಅಚ್ಚಿನ ಕೊನೆಯಲ್ಲಿದ್ದ ಆಯಿಲ್ ಸೀಲು ಸವೆದು, ಒಳಗಿನ ಗೇರೆಣ್ಣೆ ಡ್ರಮ್ಮಿನೊಳಕ್ಕೆ ಇಳಿಯುತ್ತಿದ್ದಿತು. ಅಚ್ಚನ್ನು ಹೊರಕ್ಕೆಳೆದು ಸೀಲನ್ನು ಬದಲಾಯಿಸದೆ ಹೊಸ ಲೈನಿಂಗು ಹಾಕುವುದೆಂದರೆ, ಮಾಳಿಗೆ ಸೋರುತ್ತಿರುವಾಗ ಗೋಡೆಗೆ ಸುಣ್ಣ ಬಳಿದಂತೆ. ಅದಕ್ಕೆ ಗೌಡರು ಒಪ್ಪಿದರು. ಆದರೆ ಮೇಸ್ತ್ರಿ ಎಡಗಾಲಿಯನ್ನೂ ಕಳಚಲು ಹೊರಟಾಗ ಅವರಿಗೆ ತಾಳ್ಮೆ ತಪ್ಪಿತು. ಕಡಿದ ಕಬ್ಬು ಗದ್ದೆಯಲ್ಲಿ ಬಿದ್ದಿದ್ದಿತು. ಅದು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ತಗ್ಗುತ್ತದೆ. ಇನ್ನೊಂದು ದಿನ ತಡವಾದರೆ ನೆರೆಯವರ ಟ್ರ್ಯಾಕ್ಟರಿಗೆ ಬಾಡಿಗೆ ತೆರಬೇಕು.

"ಎಡಗಡೇದು ಚೆನ್ನಾಗೈತೆ. ಬಲಗಡೇದೊಂದ್ಕೆ ಹಾಕಿ ಮುಗಿಸ್ಬುಡು."

ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಟ್ಟನು. "ಹೋರಿ ಜೊತೆ ಮುದಿ ಎತ್ತು ಕಟ್ಟಿ ಗಾಡಿ ಹೂಡ್ತೀರಾ ಗೌಡ್ರೆ?"

ಗೌಡರು ಬಹಳ ಹೊತ್ತು ಮಾತನಾಡಲಿಲ್ಲ. ಬಲಕ್ಕೆ ಮಾತ್ರ ಹೊಸದನ್ನು ಹಾಕಿದರೆ ನಿನ್ನೆ ನೀರಿನ ಕಡೆಗೆಳೆದ ಯಂತ್ರ ನಾಳೆ ಬೇಲಿಯ ಕಡೆಗೆಳೆಯುವುದು, ಅಷ್ಟೆ. ಹಳ್ಳಿಯ ಎಷ್ಟೋ ಟ್ರೇಲರುಗಳಿಗಿರುವಂತೆ ಅವರ ಟ್ರೇಲರಿಗೂ ತನ್ನದೇ ಬ್ರೇಕಿರಲಿಲ್ಲ. ಕಬ್ಬಿನ ಹೊರೆಯೆಲ್ಲ ಈ ಎರಡು ಡ್ರಮ್ಮುಗಳನ್ನೇ ನಂಬಿದ್ದಿತು. ಕೊನೆಗೆ ಅವರು ಮಗನನ್ನು ಕರೆದು, "ಬಾಡಿಗೆ ಟ್ರ್ಯಾಕ್ಟ್ರು ಹೇಳ್ಬುಟ್ಟು ಬಾ" ಎಂದರು.

ಎಡಗಡೆಯನ್ನು ಬಿಚ್ಚಿದಾಗ ಚೆನ್ನಾಗಿದೆಯೆಂದುಕೊಂಡಿದ್ದ ಲೈನಿಂಗು ರಿವೆಟ್ಟಿನ ತಲೆಯವರೆಗೂ ಸವೆದಿದ್ದಿತು. ಇನ್ನು ಕೆಲವು ದಿನ ಹೋಗಿದ್ದರೆ ರಿವೆಟ್ಟು ಡ್ರಮ್ಮನ್ನೇ ಕೊರೆಯುತ್ತಿದ್ದಿತು. ಎರಡು ಕಡೆಗೂ ಒಂದೇ ಬಗೆಯ ಹೊಸ ಲೈನಿಂಗು ಬಿದ್ದಿತು. ಒಳಗಿನ ಪುಟ್ಟ ಹಲ್ಲುಚಕ್ರವನ್ನು ಸ್ಕ್ರೂಡ್ರೈವರಿನಿಂದ ಮೀಟುತ್ತ, ಗಾಲಿ ಕೈಗೆ ತಿರುಗದಷ್ಟು ಬಿಗಿಮಾಡಿ, ಅನಂತರ ಲೀಲಾಜಾಲವಾಗಿ ತಿರುಗುವಷ್ಟು ಸಡಿಲಿಸಿದನು. ಎಡಕ್ಕೆ ಮಾಡಿದಂತೆಯೇ ಬಲಕ್ಕೂ. ಪೆಡಲಿನ ಸರಳುಗಳನ್ನೂ ಸರಿಹೊಂದಿಸಿ, ಎರಡು ಪೆಡಲುಗಳೂ ಒಂದೇ ಎತ್ತರದಲ್ಲಿ ನಿಲ್ಲುವಂತೆ ನೋಡಿಕೊಂಡನು.

ಪರೀಕ್ಷೆ ನಡೆದುದು ಜನರಿಲ್ಲದ ಮಣ್ಣುದಾರಿಯಲ್ಲಿ, ಟ್ರೇಲರಿಲ್ಲದೆ. ಮೊದಲು ನಿಧಾನವಾಗಿ, ಬಳಿಕ ತುಸು ವೇಗವಾಗಿ ಓಡಿಸಿ ಬ್ರೇಕನ್ನು ಒತ್ತಿದರು. ಗೌಡರು ಇಳಿದು ಹಿಂದಕ್ಕೆ ನಡೆದು ಧೂಳನ್ನು ನೋಡಿದರು. ಗಾಲಿಗಳು ಉಜ್ಜಿದ ಎರಡು ಗೆರೆಗಳು. ಎರಡೂ ನೇರ, ಎರಡರ ಉದ್ದವೂ ಒಂದೇ.

ಮರುವಾರ ಮತ್ತೆ ಕಬ್ಬು ತುಂಬಿತು. ಎಂದಿನಂತೆ ಮೊಮ್ಮಗ ಓಡಿಬಂದು ಮಡ್‌ಗಾರ್ಡನ್ನೇರಿದನು.

"ಇಳಿಯಪ್ಪ. ಅದು ಕೂತ್ಕೊಳ್ಳೋ ಜಾಗ ಅಲ್ಲ."

"ಬ್ರೇಕು ಸರಿಯಾಯ್ತಲ್ಲ ತಾತ?"

"ಬ್ರೇಕು ಸರಿಯಾಯ್ತು ಮಗ. ಅದ್ರ ಜೊತೆಗೆ ನಂಗೂ ಬುದ್ಧಿ ಬಂತು" ಎಂದರು ಗೌಡರು. ಕೊಂಡಿಯನ್ನು ಹಾಕಿ, ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿ, ಕೆಳಗಿನ ಗೇರಿನಲ್ಲಿಯೇ ಏರಿಯ ಇಳಿಜಾರನ್ನು ಇಳಿಯತೊಡಗಿದರು.