ಆದಿಮಾನವರಿಗೆ ದಯೆ ಇತ್ತು



ಯಾರಾದರೂ ಒರಟಾಗಿ ಆಡಿದರೆ 'ಕಾಡುಮನುಷ್ಯನ ತರಹ ಆಡಬೇಡ' ಅಂತ ಬೈತಾರೆ. ಆದಿಮಾನವರು ಕೈಲಾಗದವರನ್ನು ಕಾಡಲ್ಲೇ ಬಿಟ್ಟು ಹೋಗ್ತಿದ್ದರು ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ.

ಇರಾಕ್ ದೇಶದಲ್ಲಿ ಶಾನಿದಾರ್ ಎಂಬ ಗುಹೆ ಇದೆ. 1957ರಲ್ಲಿ ಅಮೆರಿಕದ ರಾಲ್ಫ್ ಸೊಲೆಕಿ ಎಂಬುವವರ ತಂಡ ಅಲ್ಲಿ ಅಗೆದಾಗ ಒಬ್ಬ ನಿಯಾಂಡರ್ತಲ್ ಗಂಡಸಿನ ಮೂಳೆಗಳು ಸಿಕ್ಕವು. ಅವನು 40,000 ವರ್ಷಕ್ಕಿಂತ ಹಿಂದಿನವನು. ಎಡಗಣ್ಣಿನ ಹತ್ತಿರ ಜೋರು ಪೆಟ್ಟು ಬಿದ್ದಿತ್ತು, ಆ ಕಣ್ಣು ಕಾಣದೆ ಇದ್ದಿರಬೇಕು. ಬಲಗೈ ಸಣಕಲು, ಮೊಣಕೈಯಿಂದ ಕೆಳಗೆ ಇಲ್ಲವೇ ಇಲ್ಲ. ನಡಿಗೆ ಕುಂಟು. ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ 2017ರಲ್ಲಿ ವಿಜ್ಞಾನಿಗಳು ಹೇಳಿದರು. ಆದರೂ ಸುಮಾರು 40 ವರ್ಷ ಬದುಕಿದ! ಪೆಟ್ಟು ಬಿದ್ದ ಮೂಳೆ ವಾಸಿಯಾಗಿದೆ. ಸತ್ತವನ ಮೂಳೆ ವಾಸಿಯಾಗಲ್ಲ ಅಲ್ವಾ?

'ಅವನು ಬೆಂಕಿ ಕಾಯ್ತಿದ್ದಿರಬಹುದು, ಉಪಯೋಗಕ್ಕೆ ಬರ್ತಾನೆ ಅಂತ ಇಟ್ಕೊಂಡಿದ್ದರು' ಅಂತ ನೀವು ಹೇಳಬಹುದು. ಇರಲಿ. ಹಾಗಾದ್ರೆ ವಿಯೆಟ್ನಾಮಿನ ಹುಡುಗನಿಗೆ ಏನು ಹೇಳ್ತೀರಿ?

ಅಲ್ಲಿ ಮಾನ್ ಬಾಕ್ ಎಂಬ ಕಡೆ 2007ರಲ್ಲಿ ಒಂದು ಸಮಾಧಿ ಸಿಕ್ಕಿತು. ಸುಮಾರು 4,000 ವರ್ಷ ಹಳೆಯದು. ಆದಿಮಾನವರಷ್ಟು ಹಳಬರಲ್ಲ, ಆದರೆ ಅವರೂ ಓದು ಬರಹ ಇಲ್ಲದ ಜನ. ಮೀನು ಹಿಡಿದು, ಬೇಟೆಯಾಡಿ ಬದುಕುವವರು. ಆ ಹುಡುಗನಿಗೆ ಬೆನ್ನುಮೂಳೆಯ ಕಾಯಿಲೆಯಿಂದ ಹೆಚ್ಚುಕಮ್ಮಿ ನಮ್ಮ ವಯಸ್ಸಿಗೇ ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿತ್ತು. ಕೈಗಳೂ ಅಷ್ಟಕ್ಕಷ್ಟೆ. ಆಮೇಲೂ ಸುಮಾರು 10 ವರ್ಷ ಬದುಕಿದ್ದ. ಅವನಿಂದ ಯಾವ ಕೆಲಸ ಆಗ್ತಿತ್ತು? ಉಣಿಸಬೇಕು, ತೊಳೆಯಬೇಕು, ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನೆಲ್ಲ ಹುಣ್ಣಾಗುತ್ತೆ. ನಮ್ಮಜ್ಜಿ ಹಾಸಿಗೆ ಹಿಡಿದಾಗ ಮೂರೇ ತಿಂಗಳಿಗೆ ಮನೆಯವರೆಲ್ಲ ಸೋತುಹೋಗಿದ್ದರು. ಇವರು 10 ವರ್ಷ ಮಾಡಿದ್ದಾರೆ, ಅದೂ ಆಸ್ಪತ್ರೆ ಇಲ್ಲದೆ.

ನಮ್ಮಲ್ಲಿ ಕಾಲೆಳೆದು ನಡೆಯುವವರನ್ನು ಕೆಲವರು ಹೆಸರು ಹಿಡಿದು ಕರೆಯಲ್ಲ, 'ಏ ಕುಂಟ' ಅಂತಾರೆ. ಕಬಡ್ಡಿ ಆಡುವಾಗ ಪಾಯಿಂಟು ಬರೆಯೋಕೂ ಕರೆಯಲ್ಲ. ಇದಕ್ಕೆ ಕಾಡುಮನುಷ್ಯರ ಹೆಸರು ಯಾಕೆ ಕೆಡಿಸಬೇಕು?

ಇನ್ನೊಂದು ಮಾತು. ಈ ಪತ್ರಿಕೆಗೆ ಆದಿಮಾನವರ ಚಿತ್ರ ಬರೆಯುವವರು ಬರೀ ಈಟಿ ಹಿಡಿದವರನ್ನೇ ಬರೀತೀರಿ. ಮುಂದಿನ ಸಲ ಗುಂಪಿನಲ್ಲಿ ಒಂದು ಕೈ ಇಲ್ಲದವನನ್ನೂ ಸೇರಿಸಿ. ಬೆಂಕಿ ಹತ್ತಿರ ಕೂರಿಸಿ, ಅವನ ಪಾಲಿನ ಮಾಂಸವನ್ನೂ ಬರೆಯಿರಿ.

– 7ನೇ ತರಗತಿ