ಬೊಗಸೆ ಒಡ್ಡಿ ನಿಲ್ಲೋದು ಇನ್ನೆಷ್ಟು ದಿನ?



ಊರಿಗೆ ಒಂದೇ ಬಾವಿ. ಹಗ್ಗ ಅವರ ಕೈಯಾಗ. ನಮ್ಮ ಅಜ್ಜಿ ಕೊಡ ಕೆಳಗಿಟ್ಟು ದೂರ ನಿಲ್ಲುತ್ತಿದ್ದಳು. ಸುರಿದರೆ ನೀರು, ಇಲ್ಲಾಂದ್ರ ಇಲ್ಲ. ಕಾಲೇಜಿನ ಮಾಸ್ತರು ಇದಕ್ಕೇ 'ಏಕಸ್ವಾಮ್ಯ' ಅಂದರು. ನಾವದನ್ನು ಪುಸ್ತಕದಿಂದ ಕಲೀಬೇಕಾಗಿರಲಿಲ್ಲ.

ಈಗ ಆ ಬಾವಿ ನಮ್ಮ ಕಿಸೆಯೊಳಗೇ ಬಂದು ಕೂತಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಪುಕ್ಕಟೆ ಮಾತು, ಪುಕ್ಕಟೆ ಡೇಟಾ. ಹಾಸ್ಟೆಲೆಲ್ಲ ಕುಣೀತು, ನಾನೂ ಕುಣಿದೆ. ಪುಕ್ಕಟೆ ಹಂಚಿ ತಾಳಿಕೊಳ್ಳುವಷ್ಟು ಗಂಟು ಇದ್ದವರು ಉಳಿದರು. ಏರ್‌ಸೆಲ್ ದಿವಾಳಿ ಎದ್ದಿತು. ಟೆಲಿನಾರ್, ಡೊಕೊಮೊ ಏರ್‌ಟೆಲ್ಲಿನ ಹೊಟ್ಟೆ ಸೇರಿದವು. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. 2024ರ ಜುಲೈ ಮೊದಲ ವಾರದಲ್ಲಿ ಉಳಿದ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದವು. ಅವರು ಕೂತು ಮಾತಾಡಬೇಕು ಅಂತೇನಿಲ್ಲ. ಮೂವರೇ ಉಳಿದಾಗ ಒಬ್ಬರ ಮಾರಿ ಒಬ್ಬರು ನೋಡಿದರೆ ಸಾಕು.

ಬಿಎಸ್‌ಎನ್‌ಎಲ್ ಏನಾಯಿತು? ಖಾಸಗಿಯವರು 4ಜಿ ಮಾರುತ್ತಿದ್ದಾಗ ಅದು ವರ್ಷಗಟ್ಟಲೆ ಬರಿಗೈಲಿ ಕೂತಿತ್ತು. 2020ರ ಜನವರಿ 31ರಂದು, ಒಂದೇ ದಿನ, 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿಯ ಹೆಸರಲ್ಲಿ ಮನೆಗೆ ಹೋದರು. ಅಲ್ಲಿ ಮೀಸಲಾತಿ ಇತ್ತು ಗೆಳೆಯರೇ! ಕಂಪನಿ ಧಣಿಯ ಬಾಗಿಲಲ್ಲಿ ಇದೆಯೇ? ಹಾಸ್ಟೆಲಿನಲ್ಲಿ ಹಗಲೂ ರಾತ್ರಿ ಓದೋದು ಯಾವ ನೌಕರಿಗೆ?

ಇನ್ನು ನಮ್ಮ ಹಾರೂಗೇರಿ ಕ್ರಾಸಿಗೆ ಬರ್ರಿ. ಹಂಗಾಮಿನಾಗ ಕಬ್ಬಿನ ಟ್ರ್ಯಾಕ್ಟರ್ ಸಾಲು ನೋಡ್ರಿ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳೀತದ, ಸಕ್ಕರೆ ಇಳೀತದ. ಕಾರ್ಖಾನೆ ಕಾಯಬಲ್ಲದು, ಕಬ್ಬು ಕಾಯಲಾರದು. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಇರಬೇಕೆಂದು ಕೇಂದ್ರ ಸರ್ಕಾರವೇ 2006ರಲ್ಲಿ ಗೆರೆ ಎಳೆಯಿತು. 2012ರಲ್ಲಿ ರಂಗರಾಜನ್ ಸಮಿತಿ ಆ ಗೆರೆ ಅಳಿಸಿರೆಂದಿತು. ಮುಕ್ತ ಮಾರುಕಟ್ಟೆ ಎಂದು ಭಾಷಣ ಬಿಗಿಯುವವರಿಗೆ ಇದು ಕಾಣಲಿಲ್ಲವೇ? 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲೂ ರಾತ್ರಿ ಕೂತರು. 3,300ಕ್ಕೆ ತೀರ್ಮಾನವಾಯಿತು. ಆ ದರ ತಂದದ್ದು ಪೈಪೋಟಿಯಲ್ಲ, ರಸ್ತೆ.

ಸರಿ, ರೈತನಿಗೆ ರಸ್ತೆಯಾದರೂ ಸಿಕ್ಕಿತು. ಮುಕಾದಮನ ಮುಂಗಡ ಹಿಡಿದು, ಕೂಸನ್ನು ಗದ್ದೆ ಬದುವಿನ ಮೇಲೆ ಮಲಗಿಸಿ ಕಬ್ಬು ಕಡಿಯುವ ನಮ್ಮವ್ವನಿಗೆ? ಕಾರ್ಖಾನೆಯ ಕೆಳಗೆ ರೈತ, ರೈತನ ಕೆಳಗೆ ಅವಳು. ದರದ ಮಾತುಕತೆಯಲ್ಲಿ ಅವಳ ಕೂಲಿಯ ಸುದ್ದಿ ಯಾರು ಎತ್ತಿದರು?

ಕೆಲವು ಗೆಳೆಯರು ಹೇಳ್ತಾರೆ: "ರೊಕ್ಕಕ್ಕೆ ಜಾತಿ ಇಲ್ಲೋ, ಮಾರ್ಕೆಟ್ ಬಂದರೆ ಜಾತಿ ಹೋಗ್ತದ." ರೊಕ್ಕಕ್ಕೆ ಇಲ್ಲದಿರಬಹುದು, ರೊಕ್ಕದ ಪೆಟ್ಟಿಗೆ ಮೇಲೆ ಕೂತವನಿಗೆ ಇದೆ. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಿಮ್ಮ ಶತ್ರುಗಳೆಂದು ಬಾಬಾಸಾಹೇಬರು 1938ರಲ್ಲಿ ಮನ್ಮಾಡದ ರೈಲ್ವೆ ಕಾರ್ಮಿಕರಿಗೆ ಹೇಳಿದ್ದರು. ಒಂದನ್ನು ಬೈದು ಇನ್ನೊಂದರ ಕಾಲು ಒತ್ತುವುದು ಯಾವ ಹೋರಾಟ?

ಸಂವಿಧಾನದ 39ನೇ ವಿಧಿ ತೆಗೆದು ಓದಿರಿ. ಸಂಪತ್ತು ಕೆಲವರ ಕೈಯಲ್ಲಿ ಗುಡ್ಡೆ ಬಿದ್ದು ಎಲ್ಲರಿಗೂ ಕೇಡಾಗಬಾರದು ಅಂತದೆ. ಅದು ನಿರ್ದೇಶಕ ತತ್ವ, ಕೋರ್ಟಿನಲ್ಲಿ ಕೇಳಲು ಬರುವುದಿಲ್ಲ ಅಂತಾರೆ ವಕೀಲರು. ಹಾಗಾದರೆ ಬೀದಿಯಲ್ಲಿ ಕೇಳೋಣ. ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಕೇಳೋಣ. ಕಬ್ಬಿನ ದರದ ಜೊತೆಗೇ ಕಡಿಯುವವರ ಕೂಲಿ ಬರೆಯಿರಿ ಅನ್ನೋಣ.

ಅಜ್ಜಿ ದೂರ ನಿಂತಳು. ನಾವು ಬಾವಿಕಟ್ಟೆ ಹತ್ತಬೇಕು.

ಜೈ ಭೀಮ್.