‘ಹಾಡು ಚೊಲೊ ಐತಿ, ಯಾವ ಪಿಚ್ಚರ್‌ದು?’

ನನ್ನ ರೂಮ್‌ಮೇಟ್ ಹಾಡು ಬರೆಯುತ್ತಾನೆ, ರಾಗ ಹಾಕುತ್ತಾನೆ, ತಾನೇ ಹಾಡುತ್ತಾನೆ. ಓದುತ್ತಿರುವುದು ಮೆಕ್ಯಾನಿಕಲ್. ಹಾಸ್ಟೆಲಿನಲ್ಲಿ ಕರೆಂಟ್ ಹೋದಾಗಲೆಲ್ಲ ಇಡೀ ಮಹಡಿಯ ಹುಡುಗರು ಬಂದು ಸೇರುವುದು ನಮ್ಮ ರೂಮಿಗೇ. ಹೋದ ವರ್ಷ ಮಳೆಯ ಮೇಲೊಂದು ಹಾಡು ಕಟ್ಟಿದ. ಫ್ಯಾನಿನ ಸದ್ದು ಬರಬಾರದೆಂದು ಕಂಬಳಿ ಹೊದ್ದು, ಅದರೊಳಗೆ ಮೊಬೈಲ್ ಇಟ್ಟುಕೊಂಡು ರೆಕಾರ್ಡ್ ಮಾಡಿದೆವು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಒಂದು ಖಾಸಗಿ ಎಫ್‌ಎಂ ಕೇಂದ್ರಕ್ಕೆ ಹೋದೆವು. ಅಲ್ಲಿದ್ದವರು ಒಳ್ಳೆಯವರೇ. ಕೂರಿಸಿ, ಚಹಾ ಕೊಟ್ಟು, ಹಾಡನ್ನು ಪೂರ್ತಿ ಕೇಳಿದರು. ಆಮೇಲೆ ‘ಹಾಡು ಚೊಲೊ ಐತಿ, ಯಾವ ಪಿಚ್ಚರ್‌ದು?’ ಎಂದರು.

ಯಾವ ಪಿಚ್ಚರ್‌ದೂ ಅಲ್ಲ, ಇವನದೇ ಎಂದೆ. ‘ಹಂಗಾದ್ರ ಕಷ್ಟ ಐತಿ ತಮ್ಮಾ. ನಾ ಹಾಕ್ತೀನಿ ಅಂದ್ರೂ ಸಿಸ್ಟಮ್ ತಗೊಳ್ಳಂಗಿಲ್ಲ.’

ಆ ‘ಸಿಸ್ಟಮ್’ ಏನೆಂದು ಆಮೇಲೆ ವಿಚಾರಿಸಿದೆ. ನಾವು ಅಂದುಕೊಂಡಿರುವ ಹಾಗೆ ಎಫ್‌ಎಂನಲ್ಲಿ ಹಾಡು ಆರಿಸುವವರು ಆರ್‌ಜೆಗಳಲ್ಲ. ಹೆಚ್ಚಿನ ಕಡೆ ಪ್ರೋಗ್ರಾಮಿಂಗ್ ವಿಭಾಗದವರು ಒಂದಿಷ್ಟು ಹಾಡುಗಳ ಪಟ್ಟಿ ಮಾಡುತ್ತಾರೆ. ಯಾವುದು ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ ಬರಬೇಕೆಂದು ಸಾಫ್ಟ್‌ವೇರ್ ಜೋಡಿಸುತ್ತದೆ. ಜನಕ್ಕೆ ಈಗಾಗಲೇ ಗೊತ್ತಿರುವ ಹಾಡಿಗೆ ಹೆಚ್ಚು ಸರದಿ. ಹೆಚ್ಚು ಸರದಿ ಸಿಕ್ಕಿದ್ದರಿಂದ ಅದು ಇನ್ನಷ್ಟು ಜನಕ್ಕೆ ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ಸ್ ಓದುವ ನಮಗೆ ಇದು ಹೊಸದಲ್ಲ. ಮೈಕನ್ನು ಸ್ಪೀಕರಿನ ಎದುರು ಹಿಡಿದರೆ ಕುಂಯ್ ಎಂದು ಕಿವಿ ಹರಿಯುವ ಸದ್ದು ಬರುತ್ತದಲ್ಲ, ಅದೇ ಪಾಸಿಟಿವ್ ಫೀಡ್‌ಬ್ಯಾಕ್. ಹೊರಗಿನಿಂದ ಹೊಸ ಸಿಗ್ನಲ್ ಒಳಗೆ ಬರಲು ಜಾಗವೇ ಇರುವುದಿಲ್ಲ.

‘ಈಗ ರೇಡಿಯೊ ಯಾರಿಗೆ ಬೇಕು, ಯೂಟ್ಯೂಬ್‌ಗೆ ಹಾಕಿ’ ಎಂದು ನೀವು ಹೇಳಬಹುದು. ಹಾಕಿದೆವು. ಮೂರು ತಿಂಗಳಲ್ಲಿ 212 ವ್ಯೂಸ್. ಅದರಲ್ಲಿ ಅರ್ಧ ನಮ್ಮ ಹಾಸ್ಟೆಲಿನದ್ದೇ, ನಾನೊಬ್ಬನೇ ಇಪ್ಪತ್ತು ಸಲ ಒತ್ತಿರಬೇಕು. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿದೆ, ಆದರೆ ಒಳಗೆ ‘ಬಾರಪ್ಪಾ’ ಎನ್ನುವವರಿಲ್ಲ. ರೇಡಿಯೊದಲ್ಲಿ ಹಾಗಲ್ಲ. ಕಿವಿಯಿರುವ ಯಾರೋ ಒಬ್ಬರು ನಿಮ್ಮನ್ನು ಆರಿಸಿ, ಹೆಸರು ಹೇಳಿ, ನಿಮ್ಮನ್ನು ಹುಡುಕದೇ ಇದ್ದವರ ಕಿವಿಗೂ ಮುಟ್ಟಿಸುತ್ತಾರೆ. ಆ ಆಯ್ಕೆಗೇ ಬೆಲೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಮಲ್ಲಿಕಾರ್ಜುನ ಮನ್ಸೂರರಂಥವರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಅಂಥ ಕಡೆ ಒಬ್ಬ ಹುಡುಗ ಆಡಿಷನ್ ಕೊಟ್ಟು ‘ಬಿ’ ಗ್ರೇಡ್ ಪಡೆದ ಎಂದರೆ ಊರಿನಲ್ಲಿ ಅದಕ್ಕೊಂದು ತೂಕವಿತ್ತು. ಬಿ, ಬಿ ಹೈ, ಎ, ಟಾಪ್ ಎಂಬ ಆ ಮೆಟ್ಟಿಲುಗಳು ಇವತ್ತಿಗೂ ಇವೆ. ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ‘ಆಕಾಶವಾಣಿ ಕಲಾವಿದರು’ ಎಂದು ಅಚ್ಚು ಹಾಕಿಸಿಕೊಳ್ಳುವವರು ಈಗಲೂ ಇದ್ದಾರೆ.

ಹಾಗೆಂದು ಹಳೆಯ ಕಾಲ ಬಂಗಾರವಾಗಿತ್ತು ಎಂದು ನಾನು ಹೇಳಲಾರೆ. ಹಾರ್ಮೋನಿಯಂ ಮನೆಮನೆಯಲ್ಲಿದ್ದ ಈ ನಾಡಿನಲ್ಲಿ ಆಕಾಶವಾಣಿ ಅದನ್ನು 1940ರಿಂದ ಮೂರು ದಶಕ ಹೊರಗಿಟ್ಟಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾದ ಮೇಲೆ ಸಿನಿಮಾ ಹಾಡುಗಳಿಗೂ ಬಾಗಿಲು ಮುಚ್ಚಿತು. ಕೇಳುಗರು ಸುಮ್ಮನಿದ್ದರೇ? ರೇಡಿಯೊ ಸಿಲೋನ್‌ಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಬರಬೇಕಾಯಿತು. ಆದರೆ ಆ ಹಟದಿಂದಲೇ ಒಂದು ಒಳ್ಳೆಯದೂ ಆಯಿತು. ಸಿನಿಮಾ ಹಾಡಿಗೆ ಪರ್ಯಾಯವಾಗಿ ಆಕಾಶವಾಣಿ ಸುಗಮ ಸಂಗೀತಕ್ಕೆ ಜಾಗ ಮಾಡಿಕೊಟ್ಟಿತು. ನಮ್ಮ ಭಾವಗೀತೆಗಳು ಮನೆಮನೆಗೆ ಹೋದದ್ದರಲ್ಲಿ ಅದರ ಪಾಲು ದೊಡ್ಡದು. ಆಗ ಸಿನಿಮಾ ಹಾಡು ಬಾರದು ಎಂದರು, ಈಗ ಸಿನಿಮಾ ಹಾಡಲ್ಲದೆ ಬೇರೇನೂ ಬಾರದು ಎನ್ನುತ್ತಾರೆ. ನನ್ನ ಗೆಳೆಯನಂಥವರಿಗೆ ಎರಡೂ ಒಂದೇ.

ಖಾಸಗಿಯವರ ಕಷ್ಟವೂ ನನಗೆ ಅರ್ಥವಾಗುತ್ತದೆ. 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾದಾಗಿನಿಂದ ಈ ಉದ್ಯಮ ನಡೆಯುತ್ತಿರುವುದು ಜಾಹೀರಾತಿನ ಮೇಲೆ. ಲೈಸೆನ್ಸ್ ಶುಲ್ಕ ಕಟ್ಟಬೇಕು, ಹಾಡಿಗೆ ರಾಯಲ್ಟಿ ಕೊಡಬೇಕು. ಗೊತ್ತಿಲ್ಲದ ದನಿ ಬಂದರೆ ಕೇಳುಗ ಕಾರಿನ ಸ್ಟಿಯರಿಂಗ್ ಮೇಲಿನ ಗುಂಡಿ ಒತ್ತಿ ಪಕ್ಕದ ಸ್ಟೇಷನ್‌ಗೆ ಹೋಗುತ್ತಾನೆ. ಆದರೆ ಎಲ್ಲ ಸ್ಟೇಷನ್‌ಗಳೂ ಒಂದಿಷ್ಟು ಹೊಸದನ್ನು ಹಾಕಲೇಬೇಕು ಎಂದಾದರೆ ಆ ಹೆದರಿಕೆ ಎಲ್ಲಿ ಉಳಿಯುತ್ತದೆ? ಪಕ್ಕದ ಅಮೆರಿಕದ ಹಾಡುಗಳ ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದ ಕೆನಡಾ 1971ರಲ್ಲಿ ಇದನ್ನೇ ಮಾಡಿತು. ರೇಡಿಯೊಗಳು ಇಂತಿಷ್ಟು ಪಾಲು ಕೆನಡಾದವರ ಹಾಡು ಹಾಕಲೇಬೇಕೆಂಬ ನಿಯಮ ಶೇ 30ರಿಂದ ಶುರುವಾಗಿ ಶೇ 35ಕ್ಕೆ ಏರಿತು. ಅಲ್ಲಿನ ರೇಡಿಯೊಗಳೇನೂ ಮುಚ್ಚಿಹೋಗಲಿಲ್ಲ. ನಾನು ಅಷ್ಟೂ ಕೇಳುತ್ತಿಲ್ಲ. ಸಿನಿಮಾದ್ದಲ್ಲದ, ಹೊಸಬರ ಕನ್ನಡ ಹಾಡುಗಳಿಗೆ ದಿನಕ್ಕೆ ಅರ್ಧ ಗಂಟೆ ಇಡಿ ಎನ್ನುತ್ತಿದ್ದೇನೆ. ಅದೂ ರಾತ್ರಿ ಹನ್ನೆರಡಕ್ಕಲ್ಲ, ಜನ ಕೇಳುವ ಹೊತ್ತಿನಲ್ಲಿ.

ತಪ್ಪು ನಮ್ಮದೂ ಇದೆ. ಆಕಾಶವಾಣಿಗೆ ಆಡಿಷನ್ ಕೊಡಬಹುದು ಎಂಬುದೇ ನಮ್ಮ ಹಾಸ್ಟೆಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ‘ಯುವವಾಣಿ’ ನಮ್ಮ ವಯಸ್ಸಿನವರಿಗಾಗಿಯೇ ಇರುವ ಕಾರ್ಯಕ್ರಮ ಎಂದು ನನಗೆ ಹೇಳಿದ್ದು ಅವ್ವ! ಕಂಪನಿಗಳ ಪ್ಲೇಸ್‌ಮೆಂಟ್ ನೋಟಿಸು ಕಾಲೇಜಿನ ಪ್ರತಿ ಗೋಡೆಯ ಮೇಲೂ ಇರುತ್ತದೆ. ಪಕ್ಕದಲ್ಲಿ ಆಕಾಶವಾಣಿಯ ಆಡಿಷನ್ ಪ್ರಕಟಣೆಗೂ ಒಂದು ಹಾಳೆಯಷ್ಟು ಜಾಗ ಮಾಡಿದರೆ ಕಾಲೇಜಿನವರಿಗೆ ಖರ್ಚೇನು?

ಗೆಳೆಯನ ಹಾಡು ಕೊನೆಗೂ ಪ್ರಸಾರವಾದದ್ದು ಒಂದು ಸಮುದಾಯ ಬಾನುಲಿಯಲ್ಲಿ. ಇಂಥವಕ್ಕೆ ಸಾಮಾನ್ಯವಾಗಿ ಸಿಗುವುದು 100 ವಾಟ್ ಶಕ್ತಿ, ಅಂದರೆ ಹತ್ತು ಹದಿನೈದು ಕಿಲೊಮೀಟರ್ ಆಚೆ ಬರೀ ಗೊರಗೊರ. ಆದರೆ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯರು ಸೇರಿ ಮಾಡಿದ್ದೇ ಆಗಿರಬೇಕೆಂಬುದು ಅವುಗಳ ನಿಯಮ. ಅಲ್ಲಿನ ಮೇಡಂ ಹಾಡು ಕೇಳಿ, ಪಿಚ್ಚರ್ ಯಾವುದೆಂದು ಕೇಳಲಿಲ್ಲ. ‘ಎರಡನೇ ಚರಣದಾಗ ತಾಳ ಓಡಾಕತ್ತೈತಿ, ಇನ್ನೊಮ್ಮೆ ಹಾಡು’ ಎಂದರು. ನಾಲ್ಕು ಸಲ ಹಾಡಿಸಿದರು. ಅವನ ಹಾಡಿನ ತಪ್ಪನ್ನು ಯಾರಾದರೂ ತೋರಿಸಿದ್ದು ಅದೇ ಮೊದಲು. ನಾವೆಲ್ಲ ಬರೀ ‘ಸೂಪರ್ ಮಗಾ’ ಎನ್ನುತ್ತಿದ್ದವರು.

ಪ್ರಸಾರವಾದ ಮರುದಿನ ಕಾಲೇಜಿನ ಎದುರಿನ ಟೇಲರ್ ಕಾಕಾ ಇವನನ್ನು ನಿಲ್ಲಿಸಿ, ‘ಮಳಿ ಹಾಡು ನಿಂದೇನೋ?’ ಎಂದು ಕೇಳಿದರು. ಅವರ ಅಂಗಡಿಯಲ್ಲಿ ದಿನವಿಡೀ ರೇಡಿಯೊ ಹಾಡುತ್ತಿರುತ್ತದೆ. ಆವತ್ತಿನಿಂದ ಇವನ ಪ್ಯಾಂಟಿನ ಜಿಪ್ ರಿಪೇರಿ ಪುಕ್ಕಟೆ.

ಮುಂದಿನ ತಿಂಗಳಿಂದ ಪ್ಲೇಸ್‌ಮೆಂಟ್ ಶುರು. ಕೆಲಸ ಸಿಕ್ಕ ಮೇಲೆ ಹಾಡುವುದನ್ನು ಬಿಡುತ್ತೀಯಾ ಎಂದು ಕೇಳಿದೆ. ಉತ್ತರ ಕೊಡಲಿಲ್ಲ, ಆಕಾಶವಾಣಿಯ ಅರ್ಜಿ ತುಂಬುತ್ತಿದ್ದ. ಶನಿವಾರ ಬಾನುಲಿಯಲ್ಲಿ ಎರಡನೇ ಹಾಡಿನ ರೆಕಾರ್ಡಿಂಗ್ ಇದೆ. ಕೆಳಗಿನ ಮಹಡಿಯ ಸಿವಿಲ್ ಹುಡುಗನೊಬ್ಬ ತಬಲಾ ಬಾರಿಸುತ್ತಾನಂತೆ, ಅವನನ್ನು ಹುಡುಕುತ್ತಿದ್ದೇವೆ.